ಸಾಬವ್ವನದರಿ ಮರಳುಗಲ್ಲು

ನಾನು ಒಂದು ಮರಳುಗಲ್ಲಿನ ಪದರ. ದಪ್ಪ ಹದಿನೇಳು ಮೀಟರ್. ಬಣ್ಣ ಕೆಂಪು, ಅಲ್ಲಲ್ಲಿ ಕಂದು. ಮಲಪ್ರಭೆಯ ಆಚೆ, ಜಾಲಿಗಿಡಗಳಷ್ಟೇ ಬೆಳೆಯುವ ಒಂದು ಬೋಳು ದಿನ್ನೆಯ ಪಕ್ಕೆಯಲ್ಲಿ ನಾನು ಹೊರಗೆ ಕಾಣುತ್ತೇನೆ. ಉಳಿದ ಮೈಯೆಲ್ಲ ಹರದಾರಿಗಟ್ಟಲೆ ನೆಲದೊಳಗಿದೆ. ನನ್ನದು ಮೃದು ಸ್ವಭಾವವಲ್ಲ. ಹುಟ್ಟಿದ ಬಗೆಯನ್ನು ಕೇಳಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ದಕ್ಷಿಣದಲ್ಲಿ ಒಂದು ಬೆಟ್ಟವಿತ್ತು. ಅದನ್ನು ಕೊಂದು ನನ್ನನ್ನು ಮಾಡಿದರು. ಮಾಡಿದವರು ಮಳೆ, ಗಾಳಿ, ಹೊಳೆ. ಆಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ಮಣ್ಣನ್ನು ಹಿಡಿದು ನಿಲ್ಲಿಸುವ ಬೇರು ಇರಲಿಲ್ಲ. ಮಳೆ ಬಂತೆಂದರೆ ಬೆಟ್ಟದ ಚರ್ಮವೇ ಸುಲಿದು ಹೋಗುತ್ತಿತ್ತು. ಹೊಳೆಗಳು ಆನೆ ಗಾತ್ರದ ಬಂಡೆಗಳನ್ನು ಉರುಳಿಸಿ, ಒಂದಕ್ಕೊಂದು ಡಿಕ್ಕಿ ಹೊಡೆಸಿ, ಒಡೆದು, ಅರೆದು, ಕೊನೆಗೆ ಮರಳು ಮಾಡಿ ಒಂದು ದೊಡ್ಡ ಬೋಗುಣಿಯಂಥ ತಗ್ಗಿಗೆ ತಂದು ಸುರಿದವು. ಆ ತಗ್ಗಿಗೆ ಸಮುದ್ರ ಬಂತು. ಬಿರುಗಾಳಿ ಬೀಸಿದಾಗಲೆಲ್ಲ ಅಲೆಗಳು ನನ್ನ ಅರ್ಧ ಮೈಯನ್ನು ಕಿತ್ತುಕೊಂಡು ಹೋಗುತ್ತಿದ್ದವು, ಮರುದಿನ ಅದಕ್ಕಿಂತ ಹೆಚ್ಚು ತಂದು ಹಾಕುತ್ತಿದ್ದವು. ಹೀಗೆ ಬಡಿಸಿಕೊಂಡೇ ಬೆಳೆದೆ.

ನಡುವೆ ಒಮ್ಮೆ ಮಾತ್ರ ಸಮುದ್ರ ಸುಮ್ಮನಾಯಿತು. ಆ ಶಾಂತ ಕಾಲದಲ್ಲಿ ನನ್ನ ಮೇಲೆ ನಾಲ್ಕು ಬೆರಳು ದಪ್ಪದ ಹಸಿರು ಜೇಡಿ ಕೂತಿತು. ನಯವಾದ, ಬೆಣ್ಣೆಯಂಥ ಜೇಡಿ. ಮತ್ತೆ ಬಿರುಗಾಳಿ ಬಂತು, ಜೇಡಿಯ ಮೇಲೆ ಮತ್ತೆ ಹನ್ನೊಂದು ಮೀಟರ್ ಮರಳು ಬಿತ್ತು. ನನ್ನ ಇಡೀ ಮೈಯಲ್ಲಿ ಮೆತ್ತಗಿನ ಜಾಗ ಅದೊಂದೇ, ಬುಡದಿಂದ ಆರು ಮೀಟರ್ ಮೇಲೆ.

ಆಮೇಲೆ ನನ್ನ ಮೇಲೆ ಸುಣ್ಣಗಲ್ಲು ಕೂತಿತು, ಅದರ ಮೇಲೆ ಇನ್ನೇನೋ. ಭಾರಕ್ಕೆ ಮರಳಿನ ಕಣಕಣವೂ ಒಂದರೊಳಗೊಂದು ಹೊಕ್ಕು ನಾನು ಕಲ್ಲಾದೆ. ನೆಲ ಒಮ್ಮೆ ಹೊರಳಿದಾಗ ಬೋಗುಣಿಯೇ ವಾಲಿತು, ನನ್ನ ಮೈ ಉದ್ದಕ್ಕೂ ಬಿರುಕು ಬಿಟ್ಟಿತು. ನೂರು ಕೋಟಿ ವರ್ಷದ ಹತ್ತಿರ ಹತ್ತಿರ ಹೀಗೆ ಕಳೆಯಿತು. ನೋವಾಯಿತೇ ಅಂತ ಯಾರೂ ಕೇಳಲಿಲ್ಲ.

ಮನುಷ್ಯರು ಬಂದದ್ದು ಮೊನ್ನೆ. ಮೊದಲು ಬಂದವರು ನನ್ನ ತುಂಡು ಮುರಿದು, ಅಂಚು ಮಾಡಿ, ಅದರಿಂದಲೇ ಜಿಂಕೆಯ ತಲೆ ಒಡೆದರು. ಆಮೇಲೆ ಬಂದವರು ನನ್ನನ್ನು ಕಡಿದು ದೇವರು ಮಾಡಿದರು. ಅವರ ಹಿಂದೆ ಬಂದವರು ಆ ದೇವರ ಮೂಗು ಒಡೆದರು. ಕುದುರೆಯ ಮೇಲೆ ಬಂದ ಒಬ್ಬ ಬಿಳಿಯ ದೊರೆ ಸುತ್ತಿಗೆಯಿಂದ ನನ್ನ ಮೂಲೆಯೊಂದನ್ನು ಹಾರಿಸಿ, ಭೂತಗನ್ನಡಿ ಹಿಡಿದು ನೋಡಿ, ಪುಸ್ತಕದಲ್ಲಿ ಏನೋ ಗೀಚಿ ಹೋದ. ಅವನು ಬರೆದದ್ದು ಏನು ಅಂತ ನನಗೆ ತಿಳಿದದ್ದು ಬಹಳ ತಡವಾಗಿ, ಆ ಪುಸ್ತಕ ಹಿಡಿದು ಬಂದ ಇನ್ನೊಬ್ಬ ಇಲ್ಲಿ ನಿಂತು ಗಟ್ಟಿಯಾಗಿ ಓದಿದಾಗ. ನನ್ನ ಕೆಳಗೆ ಉರುಟುಗಲ್ಲು ತುಂಬಿದ ಇನ್ನೊಂದು ಪದರವಿದೆ, ಒರಟ, ನನಗೂ ಅವನಿಗೂ ಯಾವತ್ತೂ ಆಗಿಬಂದಿಲ್ಲ. ದೊರೆ ನಮ್ಮಿಬ್ಬರನ್ನೂ ಒಂದೇ ಅಂತ ಬರೆದು, ಆ ಒರಟನ ಹೆಸರನ್ನೇ ಇಬ್ಬರಿಗೂ ಇಟ್ಟಿದ್ದ. ನನಗೆ ಪ್ರತ್ಯೇಕ ಹೆಸರಿಲ್ಲ, ನಾನು ಪ್ರತ್ಯೇಕ ಇದ್ದೇನೆ ಅನ್ನುವುದೂ ಯಾರಿಗೂ ಗೊತ್ತಿಲ್ಲ. ಇದು ತಿಳಿದಾಗ ನನಗೆ ಹೊಟ್ಟೆ ಉರಿಯಿತು. ಅಲ್ಲಿಯವರೆಗೆ ಹೆಸರು ಬೇಕು ಅಂತಲೇ ನನಗೆ ಅನ್ನಿಸಿರಲಿಲ್ಲ, ಅಲ್ಲಿಂದ ಮುಂದೆ ಅದೊಂದೇ ಹುಚ್ಚಾಯಿತು.

ಆಮೇಲೆ ಖಣಿ ಬಂತು, ಕಲ್ಲು ಒಡೆದು ತೆಗೆಯುವ ಖಣಿ. ಈ ಖಣಿಯ ಮಂದಿಯಲ್ಲಿ ನಾನು ನಿಮಗೆ ಹೇಳಬೇಕಾದವರು ಇಬ್ಬರು. ಒಬ್ಬ ಗ್ಯಾನಪ್ಪ, ಡ್ರಿಲ್ ಹೊಡೆಯುವವ. ಇಪ್ಪತ್ತು ವರ್ಷ ನನ್ನ ಮೈಗೆ ತೂತು ಕೊರೆದು ಕೊರೆದು ಅವನ ಕಿವಿ ಮುಕ್ಕಾಲು ಹೋಗಿತ್ತು. ನಾನು ಅವನಿಗೆ ತಿರುಗಿ ಕೊಟ್ಟದ್ದು ಅಷ್ಟೇ. ಇನ್ನೊಬ್ಬಳು ಅವನ ಹೆಂಡತಿ ಸಾಬವ್ವ. ಗಂಡನ ಕಿವಿಯೂ ಇವಳಿಗೇ ಬಂದಿದೆ ಅಂತ ಖಣಿಯವರು ತಮಾಷೆ ಮಾಡುತ್ತಿದ್ದರು. ಸಣ್ಣ ಸುತ್ತಿಗೆಯಿಂದ ನನ್ನನ್ನು ಒಂದೆರಡು ಸಲ ಬಡಿದು, ತಲೆ ವಾಲಿಸಿ ಕೇಳಿ, ‘ಇಲ್ಲಿ ಸೀಳತೈತಿ’ ಅನ್ನುತ್ತಿದ್ದಳು. ಅಲ್ಲೇ ಸೀಳುತ್ತಿತ್ತು. ನನ್ನ ಒಳಗಿನ ಒಂದೊಂದು ವರಸೆಗೂ ಅವಳ ಬಳಿ ಹೆಸರಿತ್ತು. ತೆಳ್ಳಗೆ ಏಳುವುದು ರೊಟ್ಟಿ, ದಪ್ಪಗೆ ಮೊಂಡಾಗಿ ಕೂತದ್ದು ಎಮ್ಮೆ, ಎಲ್ಲಿ ಬಡಿದರೂ ಅಡ್ಡಾದಿಡ್ಡಿ ಒಡೆಯುವುದು ಸವತಿ.

ಖಣಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಮದ್ದು ಸಿಡಿದ ಮೇಲೆ, ಹೊಗೆ ಕರಗಿದ ಮೇಲೆ, ಮೊದಲು ಹೋಗುವವಳು ಸಾಬವ್ವ. ಉಳಿದ ಗೋಡೆಯನ್ನು ಅವಳು ಬಡಿದು ನೋಡಬೇಕು. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಹಿಂದೆ ಪೊಳ್ಳು. ಅವಳು ಕೈ ಎತ್ತುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳ ಕಿವಿ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ಮಾಘದಲ್ಲಿ ಧಾರವಾಡದಿಂದ ಪ್ರಮೀಳಾ ಕಟ್ಟಿ ಅನ್ನುವ ಭೂವಿಜ್ಞಾನಿ ಬಂದಳು. ಮೂವತ್ತೆರಡರ ಹೆಣ್ಣು, ತಲೆಗೆ ಟೋಪಿ, ಕೊರಳಲ್ಲಿ ಭೂತಗನ್ನಡಿ, ಹೆಗಲ ಚೀಲದಲ್ಲಿ ಅಳತೆಯ ಟೇಪು. ಬಂದವಳೇ ನನ್ನ ಮೇಲೆ ಆ್ಯಸಿಡ್ಡಿನ ಹನಿ ಬಿಟ್ಟಳು, ಸುಣ್ಣಗಲ್ಲಿನ ಹಾಗೆ ನಾನು ಬುಸುಗುಡಲಿಲ್ಲ. ಸುತ್ತಿಗೆಯಿಂದ ಹೊಡೆದಳು. ಹೊಡೆತ ಹೊಸದಲ್ಲ, ಆದರೆ ಇವಳು ಹೊಡೆದ ಮೇಲೆ ಗಾಯದ ಹತ್ತಿರ ಮುಖ ತಂದು ನೋಡುತ್ತಿದ್ದಳು. ಹಾಗೆ ನೋಡಿಸಿಕೊಂಡದ್ದು ನನಗೆ ಅದೇ ಮೊದಲು.

‘ಏನ್ ಹುಡುಕಾಕ ಬಂದೀರಿ ಬಾಯಾರ? ಬಂಗಾರೇನರ ಐತೇನ್ರಿ?’ ಅಂತ ಸಾಬವ್ವ ಕೇಳಿದಳು.

‘ಬಂಗಾರ ಇಲ್ಲ. ಈ ಕಲ್ಲಿಗೆ ಹೆಸರ ಇಡಬೇಕಂತ ಬಂದೇನಿ.’

ಸಾಬವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ‘ಹೆಸರಿಡಾಕ? ಹಂಗಾರ ತೊಟ್ಟಿಲಾ ತಂದೀರೇನ್ರಿ? ಗುಗ್ಗರಿ ಹಂಚವ್ರು ಯಾರು?’

ಪ್ರಮೀಳಾ ಕೂಡ ನಕ್ಕಳು. ಆಮೇಲೆ ಕುಳಿತು ವಿವರಿಸಿದಳು. ಒಂದು ಪದರಕ್ಕೆ ಹೆಸರು ಬೇಕಾದರೆ ಅದರ ಬುಡವೂ ತಲೆಯೂ ಒಂದೇ ಕಡೆ ಕಾಣಬೇಕು. ಬುಡದಿಂದ ತಲೆಯವರೆಗೆ ಅಳೆದು, ಕಣ ಎಷ್ಟು ದಪ್ಪ, ಬಣ್ಣ ಯಾವುದು, ಎಲ್ಲಿ ಅಲೆಯ ಗುರುತಿದೆ, ಎಲ್ಲ ಬರೆಯಬೇಕು. ಮುಂದೆ ಜಗತ್ತಿನ ಯಾವ ಮೂಲೆಯಿಂದ ಯಾರೇ ಬಂದರೂ ಅಲ್ಲಿ ನಿಂತು ನೋಡಿ ಹೌದು ಅನ್ನಬೇಕು. ನನ್ನ ಬುಡ ತಲೆ ಎರಡೂ ಕಾಣುವುದು ಈ ಖಣಿಯ ಪಡುವಣ ಗೋಡೆಯಲ್ಲಿ ಮಾತ್ರ. ಆ ಗೋಡೆಯನ್ನೋ ಖಣಿಯವರು ದಿನಾ ತಿನ್ನುತ್ತಿದ್ದರು. ಅದು ಮುಗಿಯುವುದರೊಳಗೆ ಇವಳು ಅಳೆದು ಮುಗಿಸಬೇಕು, ಇಲ್ಲದಿದ್ದರೆ ನಾನು ಹೆಸರಿಲ್ಲದೆ ಪುಡಿಯಾಗುತ್ತೇನೆ. ನನಗೆ ಎದೆ ಡವಗುಟ್ಟಿತು ಅಂದರೆ ನೀವು ನಗುತ್ತೀರಿ, ಕಲ್ಲಿಗೆಲ್ಲಿಯ ಎದೆ ಅಂತ. ನಗಿ.

ಎರಡು ವಾರ ಸಾಬವ್ವ ಬಿಡುವಾದಾಗಲೆಲ್ಲ ಅವಳ ಜೊತೆ ತಿರುಗಿದಳು. ನನ್ನ ಬುಡ ಎಲ್ಲಿ ಮುಗಿದು ಕೆಳಗಿನ ಒರಟ ಎಲ್ಲಿ ಶುರುವಾಗುತ್ತಾನೆ ಅನ್ನುವುದು ಪ್ರಮೀಳಾಗೆ ಕಣ್ಣಿನಿಂದ ಗೊತ್ತಾಗಲಿಲ್ಲ. ಇಬ್ಬರೂ ಕೆಂಪು, ಇಬ್ಬರ ಮೇಲೂ ಧೂಳು. ಸಾಬವ್ವ ಮೇಲಿನಿಂದ ಕೆಳಕ್ಕೆ ಗೇಣು ಗೇಣಿಗೂ ಬಡಿಯುತ್ತ ಬಂದು ಒಂದು ಕಡೆ ನಿಂತಳು. ‘ಇಲ್ಲಿಂದ ಬ್ಯಾರೆ ಮನಿತನ ನೋಡ್ರಿ ಬಾಯಾರ. ದನಿನ ಬ್ಯಾರೆ.’ ಪ್ರಮೀಳಾ ಅಲ್ಲಿ ಕೆರೆದು ನೋಡಿದಳು. ಹೌದು, ಅಲ್ಲೇ ಉರುಟುಗಲ್ಲು ಶುರು. ದೊರೆಗೆ ಕಾಣದ್ದು ಇವಳ ಕಿವಿಗೆ ಕೇಳಿತ್ತು. ಅವಳನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು ನನಗೆ.

ಹೆಸರು ಯಾವುದು ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಪದರಕ್ಕೆ ಅದು ಕಾಣುವ ಜಾಗದ ಹೆಸರನ್ನೇ ಇಡಬೇಕು, ಆ ಹೆಸರು ನಕ್ಷೆಯಲ್ಲಿರಬೇಕು, ಇನ್ನೊಂದು ಕಲ್ಲಿಗೆ ಇಟ್ಟಿರಬಾರದು. ಹತ್ತಿರದ ಊರಿನ ಹೆಸರನ್ನು ಆ ಒರಟ ನುಂಗಿ ಕೂತಿದ್ದ.

‘ಈ ಜಾಗಕ್ಕ ಏನಂತಾರ ಸಾಬವ್ವ?’

‘ಏನೂ ಅನ್ನಂಗಿಲ್ರಿ. ಖಣಿ ಅಂತೀವಿ.’

‘ಖಣಿ ಆಗೋಕಿಂತ ಮೊದಲ?’

‘ಆವಾಗ ಇಲ್ಲಿ ಯಾರ್ ಬರ್ತಿದ್ರು ಹೆಸರಿಡಾಕ? ಗಾಳಿ, ಓತಿಕ್ಯಾತ.’ ಅಂದು ಸಾಬವ್ವ ಮತ್ತೆ ನಕ್ಕಳು. ‘ನಿಮ್ಮ ಹೆಸರ ಇಟ್ಟಬಿಡ್ರಿ. ಪ್ರಮೀಳಾ ಕಲ್ಲು.’

‘ಮನುಷ್ಯಾರ ಹೆಸರ ಇಡಂಗಿಲ್ಲ, ಹಂಗ ಕಾಯ್ದೆ ಅದ.’

ಹೆಸರು ಆಮೇಲೆ ನೋಡೋಣ, ಮೊದಲು ಅಳತೆ ಅಂತ ಪ್ರಮೀಳಾ ಬಣ್ಣದ ಡಬ್ಬಿ ತೆಗೆದಳು. ಬುಡದಿಂದ ಒಂದೊಂದು ಮೀಟರಿಗೆ ಒಂದೊಂದು ಹಳದಿ ಸುತ್ತು, ಪಕ್ಕದಲ್ಲಿ ಅಂಕಿ. ಐದನೆಯ ಸುತ್ತು ಹಾಕುವಷ್ಟರಲ್ಲಿ ಹಳದಿ ಮುಗಿಯಿತು. ಖಣಿಯ ಮೇಸ್ತ್ರಿ ಪರಪ್ಪನ ಗುಡಿಸಲಿನಲ್ಲಿ ಕೆಂಪು ಬಣ್ಣವಿತ್ತು. ‘ತಗೋರಿ ಬಾಯಾರ, ಅದಕ್ಕೇನು’ ಅಂದ ಪರಪ್ಪ. ಆರರಿಂದ ಹದಿನೇಳರವರೆಗೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ನನ್ನ ಗೋಡೆಯ ಮೇಲೆ, ಹನ್ನೆರಡು ಕೆಂಪು ಸುತ್ತು ಬಿದ್ದವು. ಸಾಬವ್ವ ಆ ಹೊತ್ತು ಮೂಡಣ ಮಗ್ಗುಲಿನಲ್ಲಿದ್ದಳು, ಕೆಂಪು ಬಂದದ್ದು ಅವಳಿಗೆ ತಿಳಿಯಲಿಲ್ಲ. ಪ್ರಮೀಳಾ ಕಲ್ಲಿನ ಮಾದರಿಗಳನ್ನು ಮೂಟೆ ಕಟ್ಟಿ, ನಾಲ್ಕು ದಿನದಲ್ಲಿ ಬಂದು ಉಳಿದದ್ದನ್ನು ಬರೆಯುತ್ತೇನೆ, ಅಲ್ಲಿಯತನಕ ಈ ಗೋಡೆಗೆ ಮದ್ದು ಇಡಬೇಡಿ ಅಂತ ಪರಪ್ಪನಿಗೆ ಹೇಳಿ ಧಾರವಾಡಕ್ಕೆ ಹೋದಳು. ಪರಪ್ಪ ಹೂಂ ಅಂದ. ಮರುದಿನ ತಂಗಿಯ ಮಗಳ ಮದುವೆಗೆಂದು ಅವನೂ ಹೊರಟುಹೋದ, ಯಾರಿಗೂ ಏನೂ ಹೇಳಲಿಲ್ಲ.

ಖಣಿಯಲ್ಲಿ ಕೆಂಪು ಸುತ್ತು ಅಂದರೆ ಒಂದೇ ಅರ್ಥ, ಇಲ್ಲಿ ಕೊರೆ. ಸುತ್ತು ಹಾಕುವುದು ಮೇಸ್ತ್ರಿಯ ಕೆಲಸ, ಪಕ್ಕದ ಅಂಕಿ ಮದ್ದು ಸಿಡಿಸುವ ಸರದಿ. ಡ್ರಿಲ್ ಹಿಡಿದವನು ಯಾಕೆ ಎತ್ತ ಅಂತ ಕೇಳುವುದಿಲ್ಲ, ಕೇಳಿದರೆ ಮೇಸ್ತ್ರಿಗೆ ಅವಮಾನ. ಗ್ಯಾನಪ್ಪ ಆ ಎರಡು ವಾರ ಖಣಿಯ ಮೂಡಣ ಮಗ್ಗುಲಲ್ಲಿ ಕೊರೆಯುತ್ತಿದ್ದ. ಪಡುವಣಕ್ಕೆ ಬಂದು ನೋಡಿದರೆ ಹನ್ನೆರಡು ಕೆಂಪು ಸುತ್ತು, ಅದೂ ಅಡ್ಡ ಸಾಲಲ್ಲ, ಕೆಳಗಿನಿಂದ ಮೇಲಕ್ಕೆ ನಿಂತ ಸಾಲು. ಅವನು ತಲೆ ಕೆರೆದುಕೊಂಡ. ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಗಂಡ ಹೆಂಡತಿ ಮಾತು ಬಿಟ್ಟು ಮೂರು ದಿನವಾಗಿತ್ತು. ‘ನನ್ನ ಗಂಡಗಿಂತ ಈ ಕಲ್ಲ ಚಲೋ ಕೇಳಸ್ಕೋತೈತಿ ಬಾಯಾರ’ ಅಂತ ಸಾಬವ್ವ ನಗೆಯಾಡಿದ್ದನ್ನು ಯಾರೋ ಅವನಿಗೆ ಮುಟ್ಟಿಸಿದ್ದರು. ಅವನು ಅವಳ ರೊಟ್ಟಿಯ ಬುಟ್ಟಿಯನ್ನು ಒದ್ದು, ಕಪಾಳಕ್ಕೆ ಬಾರಿಸಿದ್ದ. ಅವಳೂ ಬಿಡಲಿಲ್ಲ, ಕೊಳ್ಳಿ ತೆಗೆದುಕೊಂಡು ಅಟ್ಟಿಸಿಕೊಂಡು ಬಂದಿದ್ದಳು. ಅಲ್ಲಿಗೆ ಮಾತು ನಿಂತಿತ್ತು.

ಅವನು ಕೊರೆದ. ಹನ್ನೆರಡು ತೂತು. ಎಲ್ಲವೂ ಆ ಹಸಿರು ಜೇಡಿಯಿಂದ ಮೇಲಕ್ಕೆ. ಡ್ರಿಲ್ಲಿನ ಹಲ್ಲು ನನ್ನೊಳಗೆ ಹೊಕ್ಕಾಗಲೆಲ್ಲ ನಾನು ಕೂಗಿದೆ, ಆದರೆ ನನ್ನ ಕೂಗು ಅಂದರೂ ಡ್ರಿಲ್ಲಿನ ಸದ್ದೇ. ಮಧ್ಯಾಹ್ನದ ಸೀಟಿ ಊದಿದರು, ಎಲ್ಲರೂ ಬಂಡೆಗಳ ಮರೆಗೆ ಸರಿದರು, ಮದ್ದು ಸಿಡಿಯಿತು.

ನಾನು ಹುಟ್ಟುವಾಗ ತಿಂದ ಪೆಟ್ಟುಗಳನ್ನೆಲ್ಲ ಒಂದು ಕ್ಷಣಕ್ಕೆ ಒತ್ತಿ ಕೊಟ್ಟ ಹಾಗಿತ್ತು. ಬೆಂಕಿ ಬಿರುಕು ಬಿರುಕಿನಲ್ಲೂ ಓಡಿತು. ಎದೆಯ ಭಾಗ ಹಾರಿ ಮುನ್ನೂರು ಹೆಜ್ಜೆ ಆಚೆ ಬಿತ್ತು. ಬಾಡಿಗೆ ತಂದ ನೀರಿನ ಪೀಪಾಯಿ ಚಪ್ಪಟೆಯಾಯಿತು, ಜಾಲಿಗಿಡದಲ್ಲಿ ಕೂತಿದ್ದ ಕಾಗೆಯೊಂದರ ರೆಕ್ಕೆಯಷ್ಟೇ ಉಳಿಯಿತು. ಆದರೂ ನಾನು ಪೂರ್ತಿ ಬೀಳಲಿಲ್ಲ. ಜೇಡಿಯ ಮೇಲಿನ ದೊಡ್ಡ ಬಂಡೆ, ಹಿಂದಿನಿಂದ ಬಿಡಿಸಿಕೊಂಡು, ಆ ನಾಲ್ಕು ಬೆರಳು ಬೆಣ್ಣೆಯ ಮೇಲೆ ಸುಮ್ಮನೆ ಕೂತಿತ್ತು. ಮುಂದಿನಿಂದ ನೋಡಿದರೆ ಗಟ್ಟಿಮುಟ್ಟಾದ ಗೋಡೆ.

ಗ್ಯಾನಪ್ಪ ಸಿಟ್ಟಿನಲ್ಲಿ ಪದ್ಧತಿ ಮುರಿದ. ಹೆಂಡತಿ ಬಂದು ಬಡಿದು ಕೈ ಎತ್ತಲಿ ಅಂತ ಕಾಯಲಿಲ್ಲ. ಕೆಳಗೆ ಬಿದ್ದಿದ್ದ ತನ್ನ ಡ್ರಿಲ್ಲಿನ ಸರಳುಗಳನ್ನು ಆಯಲು ಹೊಗೆಯಲ್ಲೇ ನುಗ್ಗಿದ. ಡ್ರಿಲ್ಲಿನವನೇ ಹೋದನಲ್ಲ ಅಂತ ಅವನ ಹಿಂದೆ ಒಂಬತ್ತು ಮಂದಿ. ಮೂಡಣ ಮಗ್ಗುಲಿನಲ್ಲಿ ಕಲ್ಲು ಸೀಳುತ್ತಿದ್ದ ಸಾಬವ್ವ, ಸದ್ದು ಯಾವ ಕಡೆಯಿಂದ ಬಂತು ಅನ್ನುವುದು ತಿಳಿದ ಕೂಡಲೇ ಓಡಿ ಬಂದಳು. ‘ಅಯ್ಯ, ಬಾಯಾರ ಗೋಡಿ ಹಾರಿಸಿದ್ರೇನೋ ಮೂಳಗೋಳ!’ ಅಂತ ಬೈಯುತ್ತಲೇ ನನ್ನ ಹತ್ತಿರ ಬಂದು ಬಡಿದಳು.

ದಬ್.

ಇನ್ನೊಂದು ಕಡೆ ಬಡಿದಳು. ದಬ್.

‘ಓಡ್ರೋ! ಪೊಳ್ಳೈತಿ, ಓಡ್ರೋ!’

ಒಂಬತ್ತು ಮಂದಿ ಎದ್ದುಬಿದ್ದು ಓಡಿದರು. ಗ್ಯಾನಪ್ಪ ಬಗ್ಗಿ ಸರಳು ಆಯುತ್ತಲೇ ಇದ್ದ, ಅವನಿಗೆ ಕೇಳಿಸಲಿಲ್ಲ. ಅವಳು ಮತ್ತೆ ಕೂಗಿದಳು. ನಾನು ಜಾರತೊಡಗಿದ್ದೆ. ಅವಳಿಗೆ ಅದೂ ಕೇಳಿಸಿತು, ಅವಳ ಮುಖದಲ್ಲಿ ನೋಡಿದೆ. ಕೈಯಲ್ಲಿದ್ದ ಸುತ್ತಿಗೆಯನ್ನು ಬೀಸಿ ಒಗೆದಳು. ಅದು ಗಂಡನ ಹೆಗಲಿನ ಮೂಳೆಗೆ ಬಡಿಯಿತು, ಮೂಳೆ ಮುರಿದ ಸದ್ದು ನನಗೂ ಕೇಳಿತು. ಅವನು ಕೊಲ್ಲುವ ಸಿಟ್ಟಿನಲ್ಲಿ ತಿರುಗಿದ. ಅವಳ ಬಾಯಿ ನೋಡಿದ, ಅವಳು ತೋರಿಸಿದ ಕಡೆ ಮೇಲೆ ನೋಡಿದ, ಹಾರಿದ. ಆಮೇಲೆ ಅವಳು ಓಡಲು ತಿರುಗಿದಳು. ಮೂರು ಹೆಜ್ಜೆ ಇಟ್ಟಳು.

ನಾನು ಬಿದ್ದೆ. ಹಿಡಿದುಕೊಳ್ಳಲು ಆಗಲಿಲ್ಲ ಅಂತ ಹೇಳಬಹುದು, ಕಲ್ಲಿಗೆ ಕೈಯಿಲ್ಲ ಅಂತ ಹೇಳಬಹುದು. ಏನು ಹೇಳಿದರೂ ಕೊಂದದ್ದು ನಾನೇ. ನನ್ನ ಮೈಯ ಒಂದೊಂದು ವರಸೆಗೂ ಹೆಸರಿಟ್ಟವಳ ಮೇಲೆ ಎಮ್ಮೆ, ರೊಟ್ಟಿ, ಸವತಿ ಎಲ್ಲ ಒಟ್ಟಿಗೆ ಬಿದ್ದೆವು. ಅವಳನ್ನು ಹೊರತೆಗೆಯಲು ಒಂದೂವರೆ ದಿನ ಹಿಡಿಯಿತು.

ಹೇಳಿ ಹೋದಂತೆ ನಾಲ್ಕನೆಯ ದಿನ ಪ್ರಮೀಳಾ ಬಂದಳು, ಕೈಯಲ್ಲಿ ಸಾಬವ್ವನಿಗೆಂದು ತಂದ ಫೇಡೆಯ ಪೊಟ್ಟಣ. ಮದುವೆಯಿಂದ ಮರಳಿದ್ದ ಪರಪ್ಪ ಅವಳನ್ನು ಕಂಡದ್ದೇ ಬೆರಳು ತೋರಿಸಿ ಕೂಗಿದ: ‘ಕೆಂಪು ಹಚ್ಚಿದಾಕಿ ಈಕಿನ!’ ಹೆಂಗಸರು ಮುಗಿಬಿದ್ದರು. ಕೂದಲು ಹಿಡಿದು ಎಳೆದರು, ಟೇಪು ಹರಿದರು, ಎರಡು ವಾರ ಬರೆದ ಪುಸ್ತಕವನ್ನು ಹಾಳೆ ಹಾಳೆಯಾಗಿ ಕಿತ್ತು ಗಾಳಿಗೆ ಬಿಟ್ಟರು. ಯಾರೋ ನನ್ನದೇ ಒಂದು ಚೂರು ಎತ್ತಿ ಬೀಸಿದರು. ಅವಳ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವಳು ಓಡಲಿಲ್ಲ.

ಗುಂಪು ಸೀಳಿಕೊಂಡು ಗ್ಯಾನಪ್ಪ ಬಂದ. ಒಂದು ಕೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ, ಇನ್ನೊಂದರಲ್ಲಿ ಸಾಬವ್ವನ ಸುತ್ತಿಗೆ. ಎಲ್ಲರೂ ಹಿಂದೆ ಸರಿದರು.

‘ನಾನ ಹಚ್ಚಿದ್ದು’ ಅಂದಳು ಪ್ರಮೀಳಾ, ‘ಕೆಂಪು ಹಚ್ಚಬಾರದಿತ್ತು, ನನಗ ಗೊತ್ತಿರಲಿಲ್ಲ.’

ಅವನಿಗೆ ಕೇಳಿಸಿತೋ, ತುಟಿ ನೋಡಿ ತಿಳಿದನೋ. ಸುತ್ತಿಗೆ ಮೇಲೆತ್ತಿದ. ಹೊಡೆಯುತ್ತಾನೆ ಅಂತಲೇ ನಾನೂ ತಿಳಿದಿದ್ದೆ. ಅದು ಮೇಲೆಯೇ ನಿಂತಿತು, ಆಮೇಲೆ ಕೆಳಗೆ ಬಂತು. ‘ಬಣ್ಣ ನಿಮ್ಮದು’ ಅಂದ, ‘ಡ್ರಿಲ್ ನನ್ನ ಕೈಯಾಗ ಇತ್ತು. ನಾ ಆಕಿನ್ನ ಒಂದ ಮಾತ ಕೇಳಲಿಲ್ಲ.’ ಅಷ್ಟು ಹೇಳಿ ಗುಂಪಿನಿಂದ ಹೊರಗೆ ನಡೆದ.

ಖಣಿಗೆ ಬೀಗ ಬಿತ್ತು. ಮಂದಿ ಚದುರಿದರು. ಕುಸಿದ ಜಾಗದಲ್ಲಿ ಈಗ ಹೊಸ ಗೋಡೆ ನಿಂತಿತ್ತು. ಬುಡದಿಂದ ತಲೆಯವರೆಗೆ, ಧೂಳಿಲ್ಲದ, ಗೆರೆ ಗೆರೆಯೂ ಕಾಣುವ ಗೋಡೆ. ಯಾವ ಭೂವಿಜ್ಞಾನಿಯೂ ಅದಕ್ಕಿಂತ ಚೆಂದದ್ದನ್ನು ಕೇಳಲಾರ. ನನಗೆ ಬೇಕಾದದ್ದು ಸಿಕ್ಕಿತ್ತು, ಸಿಕ್ಕ ಬಗೆ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಎಂಟು ವರ್ಷ ಪ್ರಮೀಳಾ ಈ ಕಡೆ ತಲೆ ಹಾಕಲಿಲ್ಲ. ಈ ಸೀಮೆಯಲ್ಲಿ ಒಂದು ರೂಢಿಯಿದೆ. ದುರ್ಮರಣವಾದ ಜಾಗದಲ್ಲಿ ಹಾದುಹೋಗುವವರು ಒಂದೊಂದು ಕಲ್ಲು ಇಟ್ಟು ಹೋಗುತ್ತಾರೆ, ಜಾಗವನ್ನು ಸತ್ತವರ ಹೆಸರಿನಿಂದ ಕರೆಯುತ್ತಾರೆ. ಖಣಿಯ ಕಮರಿಗೆ ಅವರ ಮಾತಿನಲ್ಲಿ ದರಿ. ಕುರಿ ಎಲ್ಲಿ ಬಿಟ್ಟಿ ಅಂದರೆ ‘ಸಾಬವ್ವನ ದರಿಯಾಗ’. ನಕ್ಷೆ ತಿದ್ದುವವರು ಬಂದು ಒಬ್ಬ ಕುರಿಯವನನ್ನು ಕೇಳಿದರು, ಅವನು ಅದನ್ನೇ ಹೇಳಿದ, ಅವರು ಅದನ್ನೇ ಬರೆದುಕೊಂಡು ಹೋದರು. ಹೊಸ ನಕ್ಷೆ ಧಾರವಾಡದ ಒಂದು ಮೇಜಿನ ಮೇಲೆ ಬಿಚ್ಚಿಕೊಂಡ ದಿನ ಪ್ರಮೀಳಾ ಅದನ್ನು ಓದಿದಳು. ಒಂಬತ್ತನೆಯ ದಿನಕ್ಕೆ ಇಲ್ಲಿದ್ದಳು.

ಗ್ಯಾನಪ್ಪ ದರಿಯಲ್ಲಿ ಆಡು ಮೇಯಿಸುತ್ತಿದ್ದ. ಈಗ ಪೂರ್ತಿ ಕಿವುಡ. ಅವಳು ಹತ್ತಿರ ನಿಂತು ಗಂಟಲು ಹರಿಯುವಂತೆ ಕೂಗಬೇಕಾಯಿತು. ‘ನಾ ಈ ಕಲ್ಲಿಗೆ ಸಾಬವ್ವನ ದರಿ ಅಂತ ಹೆಸರ ಇಡಲ್ಯಾ?’ ಆ ಕೂಗು ನನಗೆ ಬಡಿದು ದರಿಯ ತುಂಬ ತಿರುಗಾಡಿತು. ಆಡುಗಳು ತಲೆ ಎತ್ತಿ ನೋಡಿದವು.

‘ಆಕಿನ್ನ ಕೊಂದ ಕಲ್ಲಿಗೆ ಆಕಿ ಹೆಸರಾ?’ ಅಂದ ಗ್ಯಾನಪ್ಪ.

‘ನೀ ಬ್ಯಾಡ ಅಂದ್ರ ಇಡಂಗಿಲ್ಲ.’

ಅವನು ನನ್ನ ಕಡೆ ತಿರುಗಿ, ಆರು ಮೀಟರ್ ಮೇಲೆ ಕಾಣುವ ಹಸಿರು ಗೆರೆಯನ್ನು ಕೋಲಿನಿಂದ ತೋರಿಸಿದ. ‘ಕಲ್ಲಿನಾಗ ಏನೇನೈತಿ ಎಲ್ಲಾ ಬರೀತೀರಲ್ಲ. ಆ ಜೇಡಿ ಬರೀರಿ. ಮ್ಯಾಲಿನ ಬಂಡಿ ಜಾರತೈತಿ ಅಂತ ಬರೀರಿ. ಮುಂದ ಡ್ರಿಲ್ ಹಚ್ಚವ್ರು ಯಾರರ ಓದ್ಲಿ. ಅದನ್ನ ಬರದ್ರ ಹೆಸರ ಇಡ್ರಿ.’

ಅವಳು ಅಲ್ಲೇ ಕೂತು ಬರೆದಳು. ಮನುಷ್ಯರ ಹೆಸರು ಇಡುವಂತಿಲ್ಲ ಅನ್ನುವ ಕಾಯ್ದೆಯವರು ನಕ್ಷೆ ನೋಡಿದರು, ಜಾಗದ ಹೆಸರೇ ಇದೆಯಲ್ಲ ಅಂತ ಒಪ್ಪಿದರು. ಈಗ ಪುಸ್ತಕದಲ್ಲಿ ಹೀಗಿದೆ: ಸಾಬವ್ವನದರಿ ಮರಳುಗಲ್ಲು. ದಪ್ಪ ಹದಿನೇಳು ಮೀಟರ್. ಕೆಂಪು, ಮಧ್ಯಮ ಕಣ, ಅಲೆಯ ಗುರುತುಗಳಿವೆ. ಬುಡದ ಗಡಿಯನ್ನು ಸುತ್ತಿಗೆಯ ದನಿಯಿಂದ ಮೊದಲು ಗುರುತಿಸಿದವರು ಸಾಬವ್ವ, ಕಲ್ಲುಕೆಲಸದವರು. ಬುಡದಿಂದ ಆರು ಮೀಟರಿನಲ್ಲಿ ನಾಲ್ಕು ಬೆರಳು ಹಸಿರು ಜೇಡಿ, ಇದರ ಮೇಲಿನ ಬಂಡೆ ಜಾರುತ್ತದೆ, ಎಚ್ಚರ.

ಖಣಿಯ ಗುಂಡಿಯಲ್ಲಿ ನೀರು ನಿಂತಿದೆ. ನನ್ನ ಬುಡ ಪಾಚಿಗಟ್ಟಿದೆ. ವರ್ಷಕ್ಕೆರಡು ಸಲ ಬಸ್ಸಿನಲ್ಲಿ ವಿದ್ಯಾರ್ಥಿಗಳು ಬರುತ್ತಾರೆ, ಗೋಡೆಗೆ ಕೈ ಇಟ್ಟು ಆ ಹೆಸರು ಹೇಳಿ ಫೋಟೋ ತೆಗೆಸಿಕೊಳ್ಳುತ್ತಾರೆ. ನೂರು ಕೋಟಿ ವರ್ಷ ಹೆಸರಿಲ್ಲದೆ ಇದ್ದವನಿಗೆ ಇನ್ನೇನು ಬೇಕು ಅಂತ ಕೆಳಗಿನ ಒರಟ ಹೊಟ್ಟೆಕಿಚ್ಚು ಪಡುತ್ತಿರಬಹುದು. ಪಡಲಿ. ಅವನಿಗೇನು ಗೊತ್ತು, ಆ ಹೆಸರನ್ನು ಯಾರೇ ಕೂಗಿದರೂ ನನಗೆ ಆ ಮೂರು ಹೆಜ್ಜೆಗಳೇ ಕೇಳಿಸುತ್ತವೆ ಅಂತ.

ಗ್ಯಾನಪ್ಪ ಇನ್ನೂ ಬರುತ್ತಾನೆ. ಬಿಸಿಲು ಇಳಿದ ಮೇಲೆ ಎದುರಿನ ಬಂಡೆಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ನನ್ನನ್ನು ದಿಟ್ಟಿಸುತ್ತಾನೆ. ಅವನು ಮಾತ್ರ ನನ್ನನ್ನು ಆ ಹೆಸರಿನಿಂದ ಕರೆದಿಲ್ಲ. ‘ಏ ಕಲ್ಲ’ ಅನ್ನುತ್ತಾನೆ. ನನಗೆ ಅದೇ ಸರಿ ಅನ್ನಿಸುತ್ತದೆ.